ಮಗನಿಗೆ ಬದಲು ಮಗ

ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಹೋಗುವ ದಾರಿಯಲ್ಲಿದ್ದ ಸೊಣ್ಣಪ್ಪನವರ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಮರ್ಯಾದೆ ಹೆಚ್ಚು. ನಡುಮನೆ ಪೂರ್ತಿ ರೇಷ್ಮೆ ಹುಳುವಿನ ತಟ್ಟೆಗಳು. ಮನೆಯವರು ಮಲಗುತ್ತಿದ್ದದ್ದು ಜಗುಲಿಯ ಮೇಲೆ. ಹಿತ್ತಿಲ ಹಿಂದೆ ಹಿಪ್ಪುನೇರಳೆ ತೋಟ. ಸೊಣ್ಣಪ್ಪ ಬೆಳಗಿನಿಂದ ಸಂಜೆವರೆಗೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳ ಜೊತೆ. ಅವರ ಹೆಂಡತಿ ಅನಸೂಯಮ್ಮ ಗಂಡನ ಪಾಲಿನ ಮಾತನ್ನೂ ತಾನೇ ಆಡುತ್ತ, ಅಂಗಳದಲ್ಲಿ ಗೂಡು ಬೇಯಿಸಿ, ಚರಕದ ಮೇಲೆ ನೂಲು ತೆಗೆಯುತ್ತಿದ್ದಳು.

ಅವರ ಹಿರಿಯ ಮಗ ಕೋದಂಡರಾಮಪ್ಪ. ಚಿಕ್ಕಂದಿನಿಂದ ಅವನಿಗೊಂದೇ ಕುತೂಹಲ. ಅಮ್ಮ ತೆಗೆದ ನೂಲು ಸಾಹುಕಾರರ ಗಾಡಿಯಲ್ಲಿ ಬೆಂಗಳೂರಿಗೆ ಹೋಗುತ್ತದೆ, ಸರಿ. ಆಮೇಲೆ? "ಆಮೇಲೆ ಸೀರೆ ಆಗ್ತದೆ, ಇನ್ನೇನಾಗ್ತದೆ" ಅನ್ನುತ್ತಿದ್ದಳು ಅನಸೂಯಮ್ಮ. ಹೇಗೆ ಆಗುತ್ತದೆ, ಯಾರು ಮಾಡುತ್ತಾರೆ ಎಂದು ಹೇಳುವವರು ಊರಿನಲ್ಲಿ ಇರಲಿಲ್ಲ. ಹುಡುಗ ಕೋಲಾರದಲ್ಲಿ ಹೈಸ್ಕೂಲು, ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಕೋಲಾರದಲ್ಲೇ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಕೆಲಸಕ್ಕೆ ಸೇರಿದ. ಆದರೂ ಆ ಕುತೂಹಲ ಹೋಗಿರಲಿಲ್ಲ.

1937ರ ಬೇಸಿಗೆಯಲ್ಲಿ ಬೆಂಗಳೂರಿನ ರೇಷ್ಮೆ ವರ್ತಕರ ಸಂಘವೊಂದು, ಫ್ರಾನ್ಸ್ ದೇಶದ ಲಿಯೋಂ ಪಟ್ಟಣದ ರೇಷ್ಮೆ ಶಾಲೆಯೊಂದು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಇಲ್ಲಿಂದ ಒಬ್ಬ ವಿದ್ಯಾರ್ಥಿ ಅಲ್ಲಿಗೆ, ಅಲ್ಲಿಂದ ಒಬ್ಬ ಇಲ್ಲಿಗೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ವರ್ಷ ಇರಬೇಕು. ಅಲ್ಲಿಯವನು ಹುಳು ಸಾಕುವುದನ್ನು ಕಲಿಯಬೇಕು, ಇಲ್ಲಿಯವನು ನೇಯ್ಗೆ ಕಲಿಯಬೇಕು. ಯಾಕೆ ಹೋಗಬೇಕೆಂದಿದ್ದೀಯ ಎಂದು ಸಂಘದವರು ಕೇಳಿದಾಗ ಕೋದಂಡರಾಮಪ್ಪ, "ನಮ್ಮಮ್ಮನ ನೂಲು ಆಮೇಲೆ ಏನಾಗ್ತದೆ ಅಂತ ನೋಡಬೇಕು ಸಾರ್" ಎಂದುಬಿಟ್ಟ. ಅವರು ನಕ್ಕರು. ನಗುತ್ತಲೇ ಅವನನ್ನು ಆರಿಸಿದರು.

ಸುದ್ದಿ ಹೊತ್ತು ಊರಿಗೆ ಓಡಿ ಬಂದವನಿಗೆ ಭಯವಿದ್ದದ್ದು ಅಮ್ಮನದು. ಸಮುದ್ರ ದಾಟಿ ಹೋಗುವುದೆಂದರೆ ಆ ಕಾಲದಲ್ಲಿ ಸಾಮಾನ್ಯವೇ? ಅನಸೂಯಮ್ಮ ಚರಕ ನಿಲ್ಲಿಸಿ ಕೇಳಿದಳು.

"ಅವ್ರ ಮಗ ನಮ್ಮನೆಗೆ ಬರ್ತಾನೆ ಅಂದ್ಯಾ?"

"ಹೂನಮ್ಮ."

"ಹಂಗಾದ್ರೆ ಹೋಗು. ನಾನು ಅವ್ರ ಮಗನ್ನ ಚೆಂದಾಗಿ ನೋಡ್ಕೊಂಡ್ರೆ ಆ ಯಮ್ಮ ನನ್ ಮಗನ್ನ ನೋಡ್ಕೊಳ್ದೆ ಇರ್ತಾಳಾ? ಮಗನಿಗೆ ಬದಲು ಮಗ. ನ್ಯಾಯವಾಗೇ ಐತೆ."

ಸೊಣ್ಣಪ್ಪ ಎತ್ತಿನ ಹಗ್ಗ ಹೊಸೆಯುತ್ತಿದ್ದರು. ತಲೆ ಎತ್ತದೆ ತೆಲುಗಿನಲ್ಲಿ, "ಪೋಯಿ ರಾ ನಾಯನಾ" ಎಂದರು. ಹೋಗಿ ಬಾ ಮಗನೇ. ಅಷ್ಟೇ.

ಹೊರಟ ದಿನ ಶ್ರೀನಿವಾಸಪುರದಿಂದ ಚಿಕ್ಕ ರೈಲಿನಲ್ಲಿ ಬೌರಿಂಗ್‌ಪೇಟೆಗೆ, ಅಲ್ಲಿಂದ ದೊಡ್ಡ ರೈಲು. ಮಾಲೂರಿನಲ್ಲಿ ಮೇಷ್ಟರಾಗಿದ್ದ ಸೋದರಮಾವ ಅಶ್ವತ್ಥಪ್ಪ ಅಲ್ಲಿ ಹತ್ತಿಕೊಂಡರು. ಬೆಂಗಳೂರು ಬರುವಷ್ಟರಲ್ಲಿ ಅಳಿಯನಿಗೆ ಟೈ ಕಟ್ಟುವುದನ್ನು ಕಲಿಸಬೇಕೆಂಬುದು ಅವರ ಹಟ. ಡಬ್ಬಿಯಲ್ಲಿದ್ದವರೆಲ್ಲ ಸುತ್ತ ನಿಂತು ನೋಡಿದರು. "ಎತ್ತಿನ ಮೂಗುದಾರ ಇದಕ್ಕಿಂತ ಸುಲಭ ಕಣೋ" ಎಂದು ಮಾವನೇ ಕೊನೆಗೆ ಸೋತು, ಗಂಟು ಹಾಕಿದ ಟೈಯನ್ನು ಬಿಚ್ಚದೆ ಹಾಗೇ ತಲೆಯಿಂದ ತೆಗೆದು ಪೆಟ್ಟಿಗೆಗೆ ಹಾಕಿಕೊಟ್ಟರು.

ಬೊಂಬಾಯಿಯಿಂದ ಹಡಗು. ಮೊದಲ ಎರಡು ದಿನ ತಲೆ ಎತ್ತಲಾಗಲಿಲ್ಲ. ಮೂರನೆಯ ದಿನ ಎದ್ದು ಮೇಲೆ ಬಂದವನು ಆಮೇಲೆ ಕೆಳಗಿಳಿಯಲು ಒಪ್ಪಲಿಲ್ಲ. ಹಾರುವ ಮೀನು, ಮರಳುಗಾಡಿನ ಅಂಚು, ಎರಡು ದಂಡೆಯ ನಡುವೆ ಹಡಗು ತೂರಿಕೊಂಡು ಹೋಗುವ ಸೂಯೆಜ್ ಕಾಲುವೆ. ಎಲ್ಲವನ್ನೂ ಬಾಯಿಬಿಟ್ಟುಕೊಂಡು ನೋಡಿದ. ಇಂಗ್ಲಿಷ್ ಬಲ್ಲ ಯಾರಾದರೂ ಸಿಕ್ಕಿದರೆ ಹಿಡಿದುಕೊಂಡು ಫ್ರೆಂಚಿನಲ್ಲಿ ಇದಕ್ಕೇನನ್ನುತ್ತಾರೆ, ಅದಕ್ಕೇನನ್ನುತ್ತಾರೆ ಎಂದು ಕೇಳಿದ.

ಮಾರ್ಸೇಯ್ ಬಂದರಿನಲ್ಲಿ ಇಳಿದಾಗ ಅವನ ಹೆಸರು ಬರೆದ ರಟ್ಟು ಹಿಡಿದು ಇಬ್ಬರು ನಿಂತಿದ್ದರು. ಎತ್ತರದ ಒಬ್ಬ ಯುವಕ, ಕಪ್ಪು ಕೋಟು ತೊಟ್ಟ ಅವನ ತಾಯಿ. ಯುವಕನ ಹೆಸರು ರೆಮಿ. ಇವನು ಇಳಿದ ದಿನವೇ ಅವನ ಹಡಗು ಬೊಂಬಾಯಿಗೆ ಹೊರಡುವುದಿತ್ತು. ತಾಯಿ ಮದಾಂ ಮಾರ್ತ, ಒಂದೇ ಕಟ್ಟೆಯ ಮೇಲೆ ಮಗನನ್ನು ಕಳಿಸಿ ಪರದೇಶಿಯನ್ನು ಬರಮಾಡಿಕೊಳ್ಳಲು ಬಂದಿದ್ದಳು. ಅವಳ ಕಣ್ಣು ಆಗಲೇ ಕೆಂಪಾಗಿತ್ತು.

ಹುಡುಗರಿಬ್ಬರಿಗೆ ಸಿಕ್ಕಿದ್ದು ಅರ್ಧ ಗಂಟೆ. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಹೆದರಿಕೆ, ಹುರುಪು ಮಾತ್ರ ಸಮಸಮ.

"ನಿಮ್ಮಮ್ಮನಿಗೆ ಮೊದಲು ಏನು ಹೇಳಲಿ?" ರೆಮಿ ಕೇಳಿದ.

"‘ಅಮ್ಮಾ, ಹಸಿವಾಗ್ತಿದೆ’ ಅನ್ನು. ಮಿಕ್ಕಿದ್ದು ಅವಳೇ ನೋಡ್ಕೋತಾಳೆ."

ರೆಮಿ ಹತ್ತು ಸಲ ಹೇಳಿ ಕಲಿತ. "ಅಮ್ಮಾ, ಅಸಿವಾಗ್ತಿದೆ." ಹಕಾರ ಎಷ್ಟು ತಿದ್ದಿದರೂ ಬರಲಿಲ್ಲ. ನಮ್ಮ ಕಡೆ ಅದೇನು ದೊಡ್ಡ ತಪ್ಪಲ್ಲ ಎಂದು ಕೋದಂಡರಾಮಪ್ಪ ಬಿಟ್ಟುಬಿಟ್ಟ. "ನಿನ್ನಮ್ಮನಿಗೆ ನಾನೇನು ಹೇಳಲಿ?"

"‘ಸೆ ಬೋಂ.’ ಚೆನ್ನಾಗಿದೆ ಅಂತ. ಏನು ಬಡಿಸಿದರೂ ಹಾಗನ್ನು."

ಹಡಗು ಕೂಗಿತು. ತಾಯಿ ಮಗ ತಬ್ಬಿಕೊಂಡರು. ಕೋದಂಡರಾಮಪ್ಪನಿಗೆ ಏನು ಮಾಡಬೇಕೋ ತಿಳಿಯದೆ, ಅಮ್ಮ ಕಟ್ಟಿಕೊಟ್ಟಿದ್ದ ತಿಳಿಹಳದಿ ನೂಲಿನ ಕಂತೆಯನ್ನು ಪೆಟ್ಟಿಗೆಯಿಂದ ತೆಗೆದು ಅಳುತ್ತಿದ್ದ ಮದಾಂ ಕೈಗಿಟ್ಟ. ಅವಳು ಅದನ್ನು ನೋಡಿದಳು, ಇವನನ್ನು ನೋಡಿದಳು, ಮೂಗು ಒರೆಸಿಕೊಂಡು ರೈಲಿನ ಕಡೆ ನಡೆದಳು.

ಲಿಯೋಂ! ಕೋಲಾರದ ಸೀಮೆಯಲ್ಲಿ ಕೆರೆಗಳಿಗೆ ಲೆಕ್ಕವಿಲ್ಲ, ವರ್ಷವಿಡೀ ಹರಿಯುವ ಹೊಳೆ ಒಂದಿಲ್ಲ. ಇಲ್ಲಿ ನೋಡಿದರೆ ಒಂದು ಪಟ್ಟಣಕ್ಕೆ ಎರಡು ನದಿ. ಒಂದು ಕಡೆ ರೋನ್, ಇನ್ನೊಂದು ಕಡೆ ಸೋನ್. ಸೇತುವೆಯ ಮೇಲೆ ನಿಂತು ಅಷ್ಟೊಂದು ನೀರು ಯಾರಿಗೂ ಬೇಡವಾಗಿ ಹರಿದುಹೋಗುವುದನ್ನು ನೋಡಿ ಅವನಿಗೆ ಹೊಟ್ಟೆಯುರಿಯಿತು. ಮನೆ ಇದ್ದದ್ದು ಕ್ರುವಾ ರೂಸ್ ಎಂಬ ಗುಡ್ಡದ ಮೇಲೆ. ಗುಡ್ಡಕ್ಕೆ ಗುಡ್ಡವೇ ನೇಕಾರರ ಕೇರಿ. ಮನೆಗಳ ಛಾವಣಿ ದೇವಸ್ಥಾನದಷ್ಟು ಎತ್ತರ, ಮಗ್ಗ ಹಿಡಿಸಲೆಂದೇ ಹಾಗೆ ಕಟ್ಟಿದ್ದು. ಒಂದು ಮನೆಯ ಬಾಗಿಲು ನೂಕಿ ಒಳಹೊಕ್ಕರೆ ಓಣಿ, ಮೆಟ್ಟಿಲು, ಮತ್ತೆ ಓಣಿ, ಕೊನೆಗೆ ಕೆಳಗಿನ ಬೀದಿಯಲ್ಲಿ ಹೊರಬೀಳುವುದು. ಮಳೆಯಲ್ಲಿ ರೇಷ್ಮೆ ನೆನೆಯದಂತೆ ಸಾಗಿಸಲು ಹಳಬರು ಮಾಡಿಕೊಂಡಿದ್ದ ಕಳ್ಳದಾರಿಗಳು. ಮೊದಲ ವಾರ ಶಾಲೆಗೆ ಹೋಗುವಾಗ ಬರುವಾಗ ಅವನು ಅವುಗಳಲ್ಲೇ ಕಳೆದುಹೋಗುತ್ತಿದ್ದ. ಬೇಕೆಂತಲೇ ಕಳೆದುಹೋಗುತ್ತಿದ್ದ ಎಂದರೂ ಸುಳ್ಳಲ್ಲ.

ಮನೆಯೊಳಗೆ ಮಾತ್ರ ಮೌನ. ಮದಾಂ ಬಡಿಸುತ್ತಿದ್ದಳು, ಇವನು "ಸೆ ಬೋಂ" ಅನ್ನುತ್ತಿದ್ದ. ಅವಳು ಇವತ್ತು ಚಳಿ ಜಾಸ್ತಿ ಎಂದರೂ "ಸೆ ಬೋಂ", ನಿನ್ನ ಬೂಟು ಹರಿದಿದೆ ಎಂದರೂ "ಸೆ ಬೋಂ". ಮೂಲೆಯಲ್ಲಿ ರೆಮಿಯ ತಾತ ದೊಡ್ಡ ಮಗ್ಗದಲ್ಲಿ ನೇಯುತ್ತಿದ್ದ. ಎಂಬತ್ತರ ಹತ್ತಿರದ ಮುದುಕ, ಗುಡ್ಡದ ಮೇಲೆ ಕೈಮಗ್ಗ ಬಿಡದ ಕೆಲವೇ ಕೆಲವರಲ್ಲಿ ಒಬ್ಬ. ಶಾಲೆಯಲ್ಲಿ ಕಲಿಸುತ್ತಿದ್ದದ್ದು ಯಂತ್ರ, ಬಣ್ಣ, ರಸಾಯನ. ಕೋದಂಡರಾಮಪ್ಪನ ಕಣ್ಣೆಲ್ಲ ಈ ಮಗ್ಗದ ಮೇಲೆ. ಹತ್ತಿರ ಹೋದರೆ ಮುದುಕ ಕೈಯಲ್ಲೇ ‘ದೂರ’ ಅನ್ನುತ್ತಿದ್ದ.

ನವೆಂಬರಿನಲ್ಲಿ ಒಂದೇ ದಿನ ಎರಡು ಕಾಗದ ಬಂದವು. ಮದಾಂಗೆ ರೆಮಿಯಿಂದ, ಇವನಿಗೆ ಅಮ್ಮನಿಂದ. ಅಮ್ಮ ಹೇಳಿದ್ದನ್ನು ಅಶ್ವತ್ಥಪ್ಪ ಮಾವ ಬರೆದಿದ್ದರು. ಮದಾಂ ತನ್ನದನ್ನು ಜೋರಾಗಿ ಓದಿಕೊಂಡಳು. ಇಷ್ಟರಲ್ಲಿ ಅವನಿಗೂ ಫ್ರೆಂಚ್ ಒಂದಿಷ್ಟು ಕಿವಿಗೆ ಹತ್ತಿತ್ತು. "ನನಗೆ ಎತ್ತಿನ ಗಾಡಿಯ ಜವಾಬ್ದಾರಿ ಕೊಟ್ಟಿದ್ದಾರೆ. ಗೌರವದಿಂದ ನಿಭಾಯಿಸಿದೆ" ಎಂದಿತ್ತು ಅದರಲ್ಲಿ. ಅವಳ ಮುಖದಲ್ಲಿ ಹೆಮ್ಮೆ.

ಕೋದಂಡರಾಮಪ್ಪ ತನ್ನದನ್ನು ಬಿಚ್ಚಿ ಓದಿದ. ಅಮ್ಮನ ಬಾಯಲ್ಲಿ ರೆಮಿ ಆಗಲೇ ರಾಮಿಯಾಗಿದ್ದ. "ರಾಮಿ ಗಾಡಿ ಹೊಡೀತೀನಿ ಅಂತ ಹಟ ಹಿಡ್ದ ಕಣಪ್ಪ. ಎತ್ತಿಗೆ ಅವನ ಭಾಷೆ ತಿಳೀಲಿಲ್ಲ. ಸೀದಾ ಕೆರೆಗೆ ಇಳಿದ್ವು. ಸಂತೆಗೆ ಹಾಕಿದ್ದ ಕುಂಬಳಕಾಯೆಲ್ಲ ತೇಲ್ತಾ ಇದ್ವು, ಮಧ್ಯದಾಗೆ ರಾಮಿ ತಲೆನೂ ತೇಲ್ತಾ ಇತ್ತು. ನೀನು ಆ ಯಮ್ಮನಿಗೆ ಹೇಳ್ಬ್ಯಾಡ, ಗಾಬರಿ ಆಗ್ತಾಳೆ."

ಅವನಿಗೆ ನಗು ತಡೆಯಲಾಗಲಿಲ್ಲ. ಏನು, ಏನು ಎಂದು ಮದಾಂ ಪೀಡಿಸಿದಳು. ಅವನಿಗೆ ಬರುತ್ತಿದ್ದ ಫ್ರೆಂಚಿನಲ್ಲಿ ಕೆರೆ ಇರಲಿಲ್ಲ, ತೇಲುವುದೂ ಇರಲಿಲ್ಲ. ಆದದ್ದಾಗಲಿ ಎಂದು ಎದ್ದು, ಎತ್ತಾಗಿ ಓಡಿ, ಗಾಡಿಯಾಗಿ ಮಗುಚಿ, ಮೇಜಿನ ಮೇಲಿದ್ದ ಈರುಳ್ಳಿಗಳನ್ನು ಕುಂಬಳಕಾಯಿ ಮಾಡಿ, ಅವುಗಳ ನಡುವೆ ತನ್ನ ತಲೆ ಇಟ್ಟು ತೋರಿಸಿದ.  ಮದಾಂ ನಕ್ಕಳು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಗೌರವದಿಂದ!" ಎಂದು ಮಗನ ಕಾಗದ ಬಡಿಬಡಿದು ಮತ್ತೆ ನಕ್ಕಳು. ಮಗ್ಗದ ಸದ್ದು ನಿಂತಿತ್ತು. ಮೂಲೆಯಲ್ಲಿ ತಾತನ ಭುಜವೂ ಕುಣಿಯುತ್ತಿತ್ತು.

ಆ ದಿನದಿಂದ ಮನೆಗೆ ಮಾತು ಬಂತು. ಪ್ರತಿ ಸಲವೂ ಎರಡು ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದುವುದು ವಾಡಿಕೆಯಾಯಿತು. ಊರಿನಲ್ಲಿ ಏನು ತಿನ್ನುತ್ತೀರಿ ಎಂದು ಮದಾಂ ಕೇಳಿದಳು. ಅವನು ಮುದ್ದೆಯ ವರ್ಣನೆ ಮಾಡಿದ. ರಾಗಿ ಎಲ್ಲಿ ತರುವುದು? ಅವಳು ಅಂಗಡಿ ಅಂಗಡಿ ಅಲೆದು ಒಂದು ಕಪ್ಪು ಹಿಟ್ಟು ತಂದಳು, ಅಲ್ಲಿನವರು ಅದರಲ್ಲಿ ದೋಸೆ ಹುಯ್ಯುತ್ತಾರಂತೆ. ಅವನು ಎಸರಿಟ್ಟು, ಸೌದೆಯ ಕೋಲು ತೊಳೆದು, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ತೊಳಸಿದ. ಅಂಟಂಟಾದ, ಕಂದು ಬಣ್ಣದ ಉಂಡೆ ಬಂತು. ರುಚಿ ಬೇರೆ, ಆದರೆ ಗಂಟಲಲ್ಲಿ ಇಳಿಯುವ ರೀತಿ ಅದೇ. ಮದಾಂ ಒಂದು ತುತ್ತು ಅಗಿದು, ಅಗಿದು, ಕೊನೆಗೆ "ಸೆ ಬೋಂ" ಎಂದಳು. ಸುಳ್ಳು ಹೇಳುವಾಗ ಹುಬ್ಬು ಮೇಲೆ ಹೋಗುವುದು ಅವಳ ಗುಣ ಎಂದು ಅವನಿಗೆ ಆಗ ಗೊತ್ತಾಯಿತು.

ಡಿಸೆಂಬರ್ ಎಂಟರ ಸಂಜೆ ಶಾಲೆಯಿಂದ ಬಂದಾಗ ಮದಾಂ ಕಿಟಕಿಯ ಮೇಲೆ ಬಣ್ಣದ ಗಾಜಿನ ಲೋಟಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಒಂದೊಂದರೊಳಗೂ ಒಂದೊಂದು ಮೋಂಬತ್ತಿ. "ಹಚ್ಚು" ಎಂದು ಕಡ್ಡಿಪೆಟ್ಟಿಗೆ ಅವನ ಕೈಗೆ ಕೊಟ್ಟಳು. ಅವನು ಹಚ್ಚಿ ಹೊರಗೆ ನೋಡಿದ. ಎದುರುಮನೆಯ ಕಿಟಕಿಯಲ್ಲಿ ದೀಪ. ಅದರ ಮೇಲಿನದರಲ್ಲಿ ದೀಪ. ಬೀದಿಗೆ ಬೀದಿ, ಗುಡ್ಡಕ್ಕೆ ಗುಡ್ಡ, ಕೆಳಗೆ ನದಿಯಾಚೆವರೆಗೆ, ಕಿಟಕಿ ಕಿಟಕಿಗೂ ದೀಪದ ಸಾಲು. ಮೇರಿಮಾತೆಗೆ ಹರಕೆಯಂತೆ, ಊರಿಗೆ ಊರೇ ಹಚ್ಚುವುದಂತೆ.

"ಏನಾಯಿತು?" ಮದಾಂ ಕೇಳಿದಳು. ಅವನು ಬೆರಗಾಗಿ ನಿಂತೇ ಇದ್ದ.

"ನಮ್ಮೂರಲ್ಲೂ ಹಚ್ತೀವಿ, ಮದಾಂ. ಕಾರ್ತಿಕದಲ್ಲಿ. ಹೀಗೇ!" ಎಂದವನೇ ಉಳಿದ ಲೋಟಗಳನ್ನೂ ಬಾಚಿಕೊಂಡು ಮೆಟ್ಟಿಲಿಗೆ ಇಟ್ಟ, ಹೊಸ್ತಿಲಿಗೆ ಇಟ್ಟ, ಕೊನೆಗೊಂದನ್ನು ಹಿಡಿದು ಮಗ್ಗದ ಹತ್ತಿರ ಹೋಗಿ ತಾತನ ಮುಖ ನೋಡಿದ. ತಾತ ಈ ಸಲ ‘ದೂರ’ ಅನ್ನಲಿಲ್ಲ. ಪಕ್ಕದ ಗೋಡೆಯ ಗೂಡು ತೋರಿಸಿದ. ಮೂವರೂ ಬೀದಿಗಿಳಿದು, ಜನದ ನಡುವೆ ನುಗ್ಗಿ, ಸುಟ್ಟ ಚೆಸ್ಟ್‌ನಟ್ ಕಾಯಿ ತಿನ್ನುತ್ತ ಊರೆಲ್ಲ ಸುತ್ತಿದರು. ಯಾರೋ ಹುಡುಗಿಯರು ಇವನ ಕೈ ಹಿಡಿದು ಸಾಲಿನಲ್ಲಿ ಎಳೆದುಕೊಂಡು ಓಡಿದರು. ಬೂಟು ಒಂದು ಕಡೆ, ಕಾಲು ಒಂದು ಕಡೆ, ಅವನೂ ಓಡಿದ.

ಮಾರನೆಯ ದಿನ ತಾತ ಅವನನ್ನು ಮಗ್ಗದ ಹಲಗೆಯ ಮೇಲೆ ಕೂರಿಸಿದ. ಅಮ್ಮನ ನೂಲಿನ ಕಂತೆಯನ್ನೂ ತಂದ. ಬೆರಳಲ್ಲಿ ಎಳೆ ತೀಡಿ, ಬೆಳಕಿಗೆ ಹಿಡಿದು ನೋಡಿ, "ಉದ್ದಕ್ಕೆ ಬಿಗಿಯುವ ಹಾಸಿನ ಎಳೆಗೆ ಆಗುವುದಿಲ್ಲ, ದಪ್ಪ ಸಣ್ಣ ಇದೆ. ಅಡ್ಡ ಹಾಯುವ ಹೊಕ್ಕಿಗೆ ಆಗುತ್ತದೆ. ಬಣ್ಣ ಚಂದ. ಯಾರು ತೆಗೆದದ್ದು?" ಎಂದ.

"ನಮ್ಮಮ್ಮ."

"ಹಾಗಾದರೆ ಹಾಳು ಮಾಡಬೇಡ. ಮೊದಲು ಬೇರೆ ನೂಲಿನಲ್ಲಿ ಕಲಿ."

ಚಳಿಗಾಲವೆಲ್ಲ ಕಲಿತ. ಆ ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟುಗಳ ಮಾಲೆ ತಿರುಗುತ್ತಿತ್ತು. ಯಾವ ಎಳೆ ಮೇಲೇಳಬೇಕು, ಯಾವುದು ಕೂರಬೇಕು ಎಂದು ಆ ತೂತುಗಳೇ ಹೇಳುವುದು. ವಸಂತದಲ್ಲಿ, ವರ್ಷದ ಕೊನೆಯ ಪರೀಕ್ಷೆಗೆ ಸ್ವಂತದ ಒಂದು ಬಟ್ಟೆ ನೇಯಬೇಕಾಗಿ ಬಂದಾಗ ಅವನು ಏನು ನೇಯಬೇಕೆಂದು ಯೋಚಿಸಬೇಕಾಗಲಿಲ್ಲ. ತಾತನ ಹಳೆಯ ಮಾದರಿಗಳ ನಡುವೆ ಒಂದು ಗುರುತಿನ ಆಕಾರ ಕಂಡು ಕೂಗಿಬಿಟ್ಟಿದ್ದ. "ಮಾವಿನಕಾಯಿ!"

"ಯಾವ ಕಾಯಿ? ಅದು ತಾಳೆಗರಿ" ಎಂದ ತಾತ.

"ಮಾವಿನಕಾಯಿ ತಾತ! ನಮ್ಮ ಸೀಮೆಗೆ ಬಂದು ನೋಡಿ, ರಾಯಲ್ಪಾಡಿನವರೆಗೂ ಬರೀ ಇದೇ!"

"ನಾನು ಅರವತ್ತು ವರ್ಷದಿಂದ ನೇಯುತ್ತಿದ್ದೇನೆ. ತಾಳೆಗರಿ."

ಎರಡು ದಿನ ಜಗಳ ನಡೆಯಿತು. ಕೊನೆಗೆ ಕೋದಂಡರಾಮಪ್ಪ ಚಿತ್ರ ಬರೆದು, ರಟ್ಟುಗಳಿಗೆ ತಾನೇ ತೂತು ಹೊಡೆದು, ಅಮ್ಮನ ಹಳದಿ ನೂಲನ್ನು ಹೊಕ್ಕಿಗೆ ಹಾಕಿ ಹಸಿರು ಹಾಸಿನ ಮೇಲೆ ನೇಯತೊಡಗಿದ. ಮೊದಲ ಗೇಣು ಮುಗಿದಾಗ ತಾತ ಬಂದು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ.

"ತಲೆಕೆಳಗಾಗಿದೆಯಲ್ಲೋ! ತುದಿ ಮೇಲಿರಬೇಕು. ಎರಡು ತಿಂಗಳ ಕೆಲಸ ಹಾಳು!"

"ಹಾಳಾಗಿಲ್ಲ. ಮರದಲ್ಲಿ ಹೀಗೇ ನೇತಾಡೋದು. ತೊಟ್ಟು ಮೇಲೆ, ಮೂತಿ ಕೆಳಗೆ."

ತಾತ ಬಗ್ಗಿ ನೋಡಿದ. ತಲೆ ಓರೆ ಮಾಡಿ ನೋಡಿದ. ಹಸಿರಿನ ನಡುವೆ ಗೊಂಚಲು ಗೊಂಚಲಾಗಿ ಹಳದಿ ಹಣ್ಣುಗಳು ತೂಗುತ್ತಿದ್ದವು. "ಮಾರ್ತ!" ಎಂದು ಸೊಸೆಯನ್ನು ಕೂಗಿದ. "ಬಾ ಇಲ್ಲಿ. ಇದು ಹಣ್ಣಂತೆ! ನಾನು ಅರವತ್ತು ವರ್ಷ ಹಣ್ಣನ್ನು ತಲೆಕೆಳಗೆ ನೇಯ್ದಿದ್ದೇನಂತೆ!" ಸಂತೋಷ ತಡೆಯಲಾರದೆ ಅವನ ಬೆನ್ನಿಗೆ ಗುದ್ದಿದ. ಎಂಬತ್ತರ ಮುದುಕನ ಗುದ್ದು ಎರಡು ದಿನ ನೋಯಿತು. ಪರೀಕ್ಷಕರು ಅಂಚು ಸೊಟ್ಟಗಿದೆ ಎಂದರು, ಅದು ನಿಜವೇ. ಆದರೂ ಆ ಬಟ್ಟೆಯನ್ನು ಶಾಲೆಯ ಪ್ರದರ್ಶನದಲ್ಲಿ ಬಾಗಿಲಿಗೆ ಎದುರಾಗಿ ತೂಗುಹಾಕಿದರು. ತಾತ ದಿನವೂ ಗುಡ್ಡ ಇಳಿದು ಹೋಗಿ ಅದರ ಪಕ್ಕ ನಿಲ್ಲುತ್ತಿದ್ದ. ಬಂದವರಿಗೆಲ್ಲ ವಿವರಣೆ ಅವನದೇ.

1938ರ ಸೆಪ್ಟೆಂಬರಿನಲ್ಲಿ ಯುದ್ಧದ ಮಾತು ಹಬ್ಬಿತು. ಗೋಡೆಗಳ ಮೇಲೆ ಸೈನ್ಯದ ಕರೆ. ಒಪ್ಪಂದದ ವರ್ಷವೂ ಮುಗಿಯುತ್ತ ಬಂದಿತ್ತು. ಮಾರ್ಸೇಯ್ ಕಟ್ಟೆಯ ಮೇಲೆ ಮದಾಂ ಈ ಸಲ ಅತ್ತದ್ದು ಕೋದಂಡರಾಮಪ್ಪನಿಗಾಗಿ. ರೆಮಿಯ ಹಡಗು ಆಗಲೇ ಬೊಂಬಾಯಿ ಬಿಟ್ಟಿತ್ತು. ಸೂಯೆಜ್ ಹತ್ತಿರವಾದಾಗಿನಿಂದ ಎದುರಿಗೆ ಯಾವ ಹಡಗು ಕಂಡರೂ ಇವನು ಟವೆಲು ಬೀಸಿದ. ಯಾವುದರಲ್ಲಿ ರೆಮಿ ಇದ್ದನೋ ದೇವರಿಗೇ ಗೊತ್ತು.

ಊರಿಗೆ ಬಂದ ಮೇಲೆ ಕೋಲಾರದ ನೂಲು ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಮುಳಬಾಗಿಲಿನ ಭಾರತಮ್ಮನೊಂದಿಗೆ ಮದುವೆಯಾಯಿತು. ಮದುವೆಯಾದ ವಾರದೊಳಗೆ ಅವಳಿಗೆ ಲಿಯೋಂನ ಬೀದಿಗಳ ಹೆಸರು ಬಾಯಿಪಾಠ. ಯುದ್ಧ ಶುರುವಾಯಿತು. 1940ರ ನಂತರ ಅಲ್ಲಿಂದ ಕಾಗದ ನಿಂತೇಹೋಯಿತು. ಕಾರ್ಖಾನೆಯ ನೂಲೆಲ್ಲ ಈಗ ಪ್ಯಾರಾಚೂಟಿಗೆ. ನೂಲು ಹೊರಡುವಾಗಲೆಲ್ಲ ಕೋದಂಡರಾಮಪ್ಪ ಮನಸ್ಸಿನಲ್ಲೇ, ಇಳಿಯುವವನು ನೆಟ್ಟಗೆ ಇಳಿಯಲಿ ಎನ್ನುತ್ತಿದ್ದ. ಅನಸೂಯಮ್ಮ ಕುರುಡುಮಲೆ ಗಣಪನಿಗೆ ರಾಮಿಯ ಹೆಸರಲ್ಲಿ ಹರಕೆ ಹೊತ್ತಳು. "ಯಾವ ಗೋತ್ರ ಅಂತ ಪೂಜಾರಪ್ಪ ಕೇಳ್ದ. ನಮ್ದೇ ಅಂದೆ" ಎಂದಳು.

1947ರ ಜನವರಿಯ ಒಂದು ಶನಿವಾರ ಕೋದಂಡರಾಮಪ್ಪ ಕೋಲಾರದಲ್ಲಿ ಊರಿನ ಕಡೆ ಹೋಗುವ ಚಿಕ್ಕ ರೈಲು ಹತ್ತಿದ. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಪಕ್ಕದ ಡಬ್ಬಿಯಲ್ಲಿ ಜಗಳ ಕೇಳಿಸಿತು.

"ಚೂಡು ಸಾಮಿ, ಟಿಕೆಟ್ ಐತೆ ಕದಾ! ಯಾಕೆ ಸುಮ್ಕೆ ಇಂಗೆ ಅರಚ್ತೀಯ?"

ಮಾತು ಅಮ್ಮನದು. ಅದೇ ರಾಗ, ಅದೇ ತೆಲುಗು ಬೆರೆತ ಕನ್ನಡ. ಆದರೆ ಗಂಡಸಿನ ದನಿ, ಹಕಾರವಿಲ್ಲದ ನಾಲಿಗೆ.  ಮುಂದಿನ ನಿಲ್ದಾಣದಲ್ಲಿ ಗಾಡಿ ನಿಲ್ಲುವ ಮೊದಲೇ ಹಾರಿ ಪಕ್ಕದ ಡಬ್ಬಿಗೆ ಓಡಿದ. ಟಿಕೆಟ್ ಕಲೆಕ್ಟರ್ ಮುಂದೆ ಎತ್ತರದ, ಬಡಕಲಾದ, ಅರ್ಧ ನರೆತ ತಲೆಯ ಬಿಳಿಯನೊಬ್ಬ ಕೈ ಬೀಸುತ್ತ ನಿಂತಿದ್ದ.

"ರೆಮಿ!"

ತಿರುಗಿ ನೋಡಿದ ಅವನು ಒಂದು ಗಳಿಗೆ ಕಣ್ಣು ಕಿರಿದು ಮಾಡಿದ. "ಕೋದಂಡಾ?" ಎಂದ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಎತ್ತಿ ಕುಣಿದ ರಭಸಕ್ಕೆ ಟಿಕೆಟ್ ಕಲೆಕ್ಟರ್ ಬೆಂಚಿನ ಮೇಲೆ ಕೂತುಬಿಟ್ಟ. ಇವನು ಫ್ರೆಂಚಿನಲ್ಲಿ ಕೇಳುತ್ತಿದ್ದ, ಅವನು ಕನ್ನಡದಲ್ಲಿ ಹೇಳುತ್ತಿದ್ದ, ಕನ್ನಡ ಸಾಲದಾದಾಗ ತೆಲುಗಿನಲ್ಲಿ. ಎರಡೂ ಬೇರೆ ಬೇರೆ ಭಾಷೆಗಳೆಂಬುದು ಅವನಿಗೆ ಬೆಂಗಳೂರಿಗೆ ಬಂದ ಮೇಲೇ ಗೊತ್ತಾದದ್ದಂತೆ. ಯುದ್ಧದಲ್ಲಿ ಸಿಕ್ಕಿಬಿದ್ದು ಐದು ವರ್ಷ ಜರ್ಮನಿಯಲ್ಲಿ ಸೆರೆ. ಈಗ ರೇಷ್ಮೆ ವ್ಯಾಪಾರದವರ ಕಡೆಯಿಂದ ಮೈಸೂರು ಸೀಮೆಯ ನೂಲು ನೋಡಲು ಬಂದಿದ್ದಾನೆ. ಅವನ ಅಮ್ಮ ಗಟ್ಟಿಯಾಗಿದ್ದಾಳೆ. ತಾತ ಇಲ್ಲ, 42ರ ಚಳಿಗಾಲದಲ್ಲಿ ಹೋದರಂತೆ. ಕೋದಂಡರಾಮಪ್ಪನ ಕೈ ಅವನ ಭುಜದ ಮೇಲೆ ಹಾಗೇ ನಿಂತಿತು. 

ಜಟಕಾ ಮನೆ ಮುಂದೆ ನಿಂತಾಗ ಅನಸೂಯಮ್ಮ ಕೈಯಲ್ಲಿದ್ದ ಮೊರ ಬಿಟ್ಟು ಓಡಿ ಬಂದಳು. ಐದು ವರ್ಷ ಜರ್ಮನಿಯಲ್ಲಿ ಸೆರೆ ಇದ್ದನಂತೆ ಎಂದು ಹೇಳುತ್ತಿದ್ದ ಮಗನನ್ನು ಪಕ್ಕಕ್ಕೆ ತಳ್ಳಿ ರೆಮಿಯ ಎರಡು ಕೆನ್ನೆ ಹಿಡಿದಳು. "ಯಾಕೋ ನನ್ನಪ್ಪ ಹಿಂಗೆ ಸೊರಗೋಗಿದ್ದೀಯ? ಆ ಜರ್ಮನಿಯೋರು ಅನ್ನ ಹಾಕ್ಲಿಲ್ವಾ?" ಎಂದು ಅತ್ತಳು, ಬೈದಳು, ಭಾರತಮ್ಮನಿಗೆ ಕೋಳಿ ಹಿಡಿಯಲು ಹೇಳಿದಳು. ಎಲ್ಲವೂ ಒಂದೇ ಉಸಿರಿನಲ್ಲಿ.

ಜಗುಲಿಯ ಮೇಲೆ ಸೊಣ್ಣಪ್ಪ ಕೂತಿದ್ದರು. ಮಂಡಿ ಹಿಡಿದು ನಿಧಾನವಾಗಿ ಎದ್ದು, ರೆಮಿಯ ಮುಂದೆ ಬಂದು ನಿಂತು, ಗಂಟಲು ಸರಿಮಾಡಿಕೊಂಡು ಸ್ಪಷ್ಟವಾಗಿ ಕೇಳಿದರು.

"ಬೋಂಜೂರ್, ಮೊಂ ಫಿಸ್. ಸಾ ವಾ?"

ನಮಸ್ಕಾರ ಮಗನೇ, ಚೆನ್ನಾಗಿದ್ದೀಯಾ? ಕೋದಂಡರಾಮಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ರೆಮಿಗೇನೂ ಆಶ್ಚರ್ಯವಾಗಲಿಲ್ಲ. ಸಲೀಸಾಗಿ ಉತ್ತರ ಕೊಟ್ಟ. ಮುದುಕರು ಮತ್ತೇನೋ ಕೇಳಿದರು. ಅವನು ನಕ್ಕು ಮತ್ತೇನೋ ಹೇಳಿದ.

"ಅಪ್ಪಾ! ನಿಂಗೆ ಫ್ರೆಂಚ್ ಬರ್ತದಾ?"

"ಒಂದು ವರ್ಷ ಜೊತೇಲಿ ಇದ್ದನಲ್ಲಪ್ಪ. ಎತ್ತು ಮೇಯಿಸ್ತಾ ಇನ್ನೇನು ಮಾಡೋದು? ಅವ್ನು ಹೇಳ್ಕೊಟ್ಟ, ನಾನು ಕಲ್ತೆ."

"ನಾನು ಬಂದು ಎಂಟು ವರ್ಷ ಆಯ್ತು. ಒಂದು ಮಾತು ಆಡ್ಲಿಲ್ವಲ್ಲಪ್ಪ ನನ್ಹತ್ರ!"

"ನಿಂಗೆ ಕನ್ನಡ ಬರ್ತದಲ್ಲ" ಎಂದರು ಸೊಣ್ಣಪ್ಪ. ರೆಮಿಯ ತೋಳು ಹಿಡಿದುಕೊಂಡು, ಹೊಸ ಎತ್ತುಗಳನ್ನು ತೋರಿಸಲು ಕೊಟ್ಟಿಗೆಯ ಕಡೆ ಕರೆದೊಯ್ದರು.